ತಣ್ಣಗಿದ್ದರೆ ಚೆನ್ನಾಗಿದೆ ಎಂದಲ್ಲ

ಕಾಫಿ ಕೊಯ್ಲಿನ ದಿನಗಳಲ್ಲಿ ನಮ್ಮ ಸಂಘದ ಗೋದಾಮಿನ ಅಂಗಳಕ್ಕೆ ಬಂದು ನಿಲ್ಲುವ ವಾಹನಗಳನ್ನು ನೋಡಿದರೆ, ಈ ಸೀಮೆಯ ನಾಲ್ಕೈದು ದಶಕಗಳ ಚರಿತ್ರೆಯೇ ಸಾಲಾಗಿ ನಿಂತಂತೆ ಕಾಣುತ್ತದೆ. ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಹಳೆಯ ಜೀಪುಗಳಿವೆ. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಇಂಜಿನ್ನಿನೊಂದಿಗೆ ಬಂದ ಮಹೀಂದ್ರಗಳಿವೆ. 2014ರಲ್ಲಿ ತಯಾರಿಕೆ ನಿಂತರೂ ಓಟ ನಿಲ್ಲಿಸದ ಮಾರುತಿ 800 ಇದೆ, ಜಿಪ್ಸಿ ಇದೆ, ಮೂರು ಕೈ ದಾಟಿ ಬಂದ ಪಿಕಪ್ ಇದೆ. ಇವನ್ನೆಲ್ಲ ಮಾರಿ ಹೊಸದು ಕೊಳ್ಳುವುದು ಐದಾರು ಎಕರೆಯ ಬೆಳೆಗಾರನಿಗೆ ಹುಡುಗಾಟದ ಮಾತಲ್ಲ. ಇದ್ದುದನ್ನು ಇನ್ನೂ ಹತ್ತು ವರ್ಷ ಓಡಿಸುವುದೇ ನಮ್ಮಲ್ಲಿ ಹೆಚ್ಚಿನವರ ಲೆಕ್ಕಾಚಾರ. ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡುತ್ತಿರುವ ಒಂದು ರೂಢಿಯ ಬಗ್ಗೆ ಈ ಸಂಚಿಕೆಯಲ್ಲಿ ಎರಡು ಮಾತು ಹೇಳಬೇಕೆಂದಿದ್ದೇವೆ.

ಈ ಸಲ ತೂಕದ ದಿನ ಬಾನೆಟ್ ಎತ್ತಿ ನಿಂತಿದ್ದ ಒಂದು ಜೀಪಿನ ಸುತ್ತ ನಾಲ್ಕೈದು ಮಂದಿ ಸೇರಿದ್ದರು. ಸದಸ್ಯರೊಬ್ಬರು ಹೆಮ್ಮೆಯಿಂದ, "ನಂದು ವಾಲ್ವ್ ತೆಗೆಸಿ ಆರು ವರ್ಷ ಆಯ್ತು ನೋಡಿ, ಘಾಟಿ ಹತ್ತಿದ್ರೂ ಮುಳ್ಳು ಮೇಲೇಳೋದೇ ಇಲ್ಲ" ಎಂದರು. ಉಳಿದವರು ತಲೆದೂಗಿದರು. ವಾಲ್ವ್ ಎಂದರೆ ಥರ್ಮೋಸ್ಟಾಟ್. ನೀರು ಹದಕ್ಕೆ ಬಿಸಿಯಾಗುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯುವ ಸಣ್ಣ ಬಾಗಿಲು ಅದು. ಮುಳ್ಳು ಕೆಳಗಿದ್ದಷ್ಟೂ ಇಂಜಿನ್ ಕ್ಷೇಮ ಎಂಬುದು ನಮ್ಮ ಕಡೆ ಗ್ಯಾರೇಜಿನಿಂದ ಮನೆಯ ಜಗುಲಿಯವರೆಗೆ ಹಬ್ಬಿರುವ ನಂಬಿಕೆ. ಅಂದು ನಾವು ಎದುರು ಮಾತಾಡಲಿಲ್ಲ. ಏಕೆಂದರೆ ಅದೇ ನಂಬಿಕೆಯಿಂದ ಸಂಘದ ಜೀಪನ್ನೇ ಹಾಳುಮಾಡಿದವರು ನಾವು. ಮೊದಲು ಆ ತಪ್ಪೊಪ್ಪಿಗೆ ಆಗಿಬಿಡಲಿ.

ಗೊಬ್ಬರ ಸಾಗಿಸಲೆಂದು ಸಂಘ ಕೊಂಡಿದ್ದ ಹಳೆಯ ಡೀಸೆಲ್ ಜೀಪು ಘಾಟಿಯಲ್ಲಿ ಕುದಿಯತೊಡಗಿತು. ಗ್ಯಾರೇಜಿಗೆ ಬಿಟ್ಟೆವು. ಅಲ್ಲಿ ಅರ್ಧ ಗಂಟೆಯಲ್ಲಿ ವಾಲ್ವ್ ತೆಗೆದು ಮೂಲೆಗೆ ಎಸೆದು, "ಇನ್ನು ಹೀಟ್ ಆಗಲ್ಲ ಸಾರ್" ಎಂದರು. ನಾವೂ ಸರಿ ಎಂದೆವು. ನಿಜವಾಗಿಯೂ ಮುಳ್ಳು ಇಳಿಯಿತು. ಗೋದಾಮಿನಿಂದ ತೋಟಕ್ಕೆ, ತೋಟದಿಂದ ಗೋದಾಮಿಗೆ ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಂತೂ ಮುಳ್ಳು ಅಲುಗುತ್ತಲೇ ಇರಲಿಲ್ಲ. ಖುಷಿಪಟ್ಟೆವು. ಮೂರನೆಯ ವರ್ಷಕ್ಕೆ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ. ಬೆಳಿಗ್ಗೆ ಹೊತ್ತಿಸಿದರೆ ಅಂಗಳ ತುಂಬ ಹೊಗೆ. ಡೀಸೆಲ್ ಪುಸ್ತಕ ತೆರೆದರೆ ಓಡಿದ ದೂರ ಅಷ್ಟೇ, ಕುಡಿದದ್ದು ಹೆಚ್ಚು. ಕೊನೆಗೆ ಇಂಜಿನ್ ಬೋರಿಗೆ ಬಂತು. ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಬಿತ್ತು. ರೇಡಿಯೇಟರಿನ ಕೊಳವೆಗಳಲ್ಲಿ ಅರ್ಧಕ್ಕರ್ಧ ಸುಣ್ಣ ಮತ್ತು ತುಕ್ಕು ಕಟ್ಟಿ ಮುಚ್ಚಿಹೋಗಿದ್ದವು. ಮೊದಲ ದಿನ ಜೀಪು ಕುದಿದದ್ದು ಅದರಿಂದಲೇ ಹೊರತು ವಾಲ್ವಿನಿಂದಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ನಮ್ಮ ಕೆಲಸ. ಅದೂ ನೆಗಡಿ ಹಾಗೆಯೇ ಉಳಿಯಿತು. ದೂರನ್ನು ಗ್ಯಾರೇಜಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಗ್ಗದ ದಾರಿ ಕೇಳಿದವರೂ ಒಪ್ಪಿದವರೂ ನಾವೇ.

ಆದ್ದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇವೆ. ಹಳೆಯ ವಾಹನದ ಥರ್ಮೋಸ್ಟಾಟನ್ನು ತೆಗೆದು ಓಡಿಸುವುದು ರಿಪೇರಿಯಲ್ಲ, ರೋಗವನ್ನು ಮುಚ್ಚಿಡುವುದು. ತೆಗೆಸಿದವರು ಈ ಮಳೆಗಾಲ ಮುಗಿಯುವುದರೊಳಗೆ ಮತ್ತೆ ಹಾಕಿಸಬೇಕು. ಕುದಿಯುವ ಇಂಜಿನ್ನಿಗೆ ಮದ್ದು ಬೇರೆ ಕಡೆ ಇದೆ.

ಹದ ಎಂಬ ಮಾತನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಂಡೆಯಲ್ಲಿ ಅಡಿಕೆ ಬೇಯುವುದಕ್ಕೆ ಒಂದು ಹದವಿದೆ, ಚೊಗರಿಗೆ ಒಂದು ಹದವಿದೆ. ತಪ್ಪಿದರೆ ಮಂಡಿಯಲ್ಲಿ ದರ ತಪ್ಪುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ತೇವ ಶೇಕಡ 10ಕ್ಕೆ ಇಳಿಯುವವರೆಗೆ ಕಣದಲ್ಲಿ ಒಣಗಿಸುತ್ತೇವೆ. ಹೆಚ್ಚಿದ್ದರೆ ಬೂಸ್ಟು, ಕಡಿಮೆಯಾದರೆ ತೂಕ ನಷ್ಟ. ಇಂಜಿನ್ನಿನದೂ ಇದೇ ಕಥೆ. ನೀರಿನಿಂದ ತಣಿಯುವ ವಾಹನಗಳಲ್ಲಿ ಹೆಚ್ಚಿನವು ನೀರಿನ ಉಷ್ಣಾಂಶ ಸುಮಾರು 80ರಿಂದ 95 ಡಿಗ್ರಿ ಸೆಂಟಿಗ್ರೇಡ್ ಇರುವಾಗ ಚೆನ್ನಾಗಿ ನಡೆಯುವಂತೆ ರಚಿತವಾದವು. ಬಹಳ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಇದು ಹತ್ತು ಡಿಗ್ರಿ ಕಡಿಮೆ ಇದ್ದೀತು. ಗೇಜಿನಲ್ಲಿ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿದ್ದರೆ ಅದೇ ಆರೋಗ್ಯದ ಗುರುತು. ಮನುಷ್ಯನ ಮೈ 37 ಡಿಗ್ರಿ ಇರಬೇಕು. 40ಕ್ಕೆ ಏರಿದರೆ ಡಾಕ್ಟರ ಬಳಿಗೆ ಓಡುತ್ತೇವೆ. 33ಕ್ಕೆ ಇಳಿದರೆ "ಆಹಾ, ಎಷ್ಟು ತಂಪು" ಎನ್ನುವುದಿಲ್ಲವಷ್ಟೆ.

ತಣ್ಣಗಿದ್ದರೆ ಏನು ಕೆಡುಕು ಎಂದು ಕೇಳಬಹುದು. ಒಂದು ಲೀಟರ್ ಪೆಟ್ರೋಲ್ ಅಥವಾ ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಇಂಜಿನ್ ಬಿಸಿಯಾಗಿದ್ದರೆ ಆ ಆವಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ತಣ್ಣಗಿದ್ದರೆ ಸ್ವಲ್ಪ ಭಾಗ ಸಿಲಿಂಡರಿನ ಗೋಡೆಯ ಮೇಲೆ ಹನಿಯಾಗಿ ಕೂರುತ್ತದೆ, ಪಿಸ್ಟನ್ ರಿಂಗಿನ ಸಂದಿಯಿಂದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಸರಿಯಾಗಿ ಉರಿಯದ ಇಂಧನವೂ ಅದರ ಜೊತೆಗೇ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ನಾವು ಮುಚ್ಚಳದಲ್ಲಿ ಕಂಡ ಮಜ್ಜಿಗೆ ನೊರೆ ಅದೇ ನೀರು. ಬ್ರಿಟನ್ನಿನ ಆಟೊಮೊಬೈಲ್ ಇಂಜಿನಿಯರುಗಳ ಸಂಸ್ಥೆಗಾಗಿ ಸಿ. ಜಿ. ವಿಲಿಯಮ್ಸ್ 1930ರ ದಶಕದಲ್ಲೇ ಸಿಲಿಂಡರ್ ಸವೆತದ ಮೇಲೆ ಪ್ರಯೋಗಗಳನ್ನು ನಡೆಸಿ, ತಣ್ಣನೆಯ ಗೋಡೆಗಳ ಮೇಲೆ ಕೂರುವ ಈ ತೇವ ಮತ್ತು ಆಮ್ಲಗಳ ತುಕ್ಕೇ ಸವೆತಕ್ಕೆ ದೊಡ್ಡ ಕಾರಣವೆಂದು ತೋರಿಸಿದರು. ಕೇವಲ ಉಜ್ಜುವಿಕೆಯಿಂದ ಇಂಜಿನ್ ಸವೆಯುತ್ತದೆ ಎಂಬ ತಿಳಿವಳಿಕೆ ಅಂದಿನಿಂದಲೇ ಬದಲಾಯಿತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿ.ಎಸ್.-6 ಡೀಸೆಲ್ ಬಂದು, ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿದಿರುವುದರಿಂದ ಆಮ್ಲದ ಕಾಟ ಈಗ ಹಿಂದಿನಷ್ಟಿಲ್ಲ ಎಂಬುದನ್ನು ಒಪ್ಪುತ್ತೇವೆ. ಆದರೆ ನೀರಿನ ಕಾಟ, ಆಯಿಲಿನಲ್ಲಿ ಇಂಧನ ಬೆರೆಯುವ ಕಾಟ ಹೋಗಿಲ್ಲ.

ಇದರಲ್ಲಿ ನಮ್ಮ ಓಡಾಟದ ರೀತಿಯ ಪಾಲೂ ಇದೆ. ಪೇಟೆಯಿಂದ ಪೇಟೆಗೆ ನೂರು ಕಿಲೋಮೀಟರ್ ಓಡುವ ಲಾರಿ ವಾಲ್ವ್ ಇಲ್ಲದಿದ್ದರೂ ಹೊರೆಯ ಬಲದಿಂದ ಅಷ್ಟಿಷ್ಟು ಬಿಸಿಯಾದೀತು. ಮನೆಯಿಂದ ಪಲ್ಪರ್‌ವರೆಗೆ, ಅಲ್ಲಿಂದ ಕಣಕ್ಕೆ, ಕಣದಿಂದ ಡೇರಿಗೆ ಓಡುವ ತೋಟದ ಜೀಪಿಗೆ ಬಿಸಿಯಾಗಲು ಸಿಗುವ ಹೊತ್ತೇ ಹತ್ತು ನಿಮಿಷ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ವಾಲ್ವ್ ಇಲ್ಲದ ಇಂಜಿನ್ ಆ ಹತ್ತು ನಿಮಿಷದಲ್ಲಿ ಹದಕ್ಕೆ ಬರುವುದೇ ಇಲ್ಲ. ಅಂದರೆ ಅದು ವರ್ಷವಿಡೀ ಹಸಿ ಸೌದೆಯ ಒಲೆಯಂತೆ ಉರಿಯುತ್ತಿರುತ್ತದೆ.

ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರಿಗೆಂದು ಕೆರೆಯ ದಡದಲ್ಲಿಡುವ ಹಳೆಯ ಡೀಸೆಲ್ ಪಂಪ್‌ಸೆಟ್ಟುಗಳಲ್ಲೂ ಇದೇ ತಪ್ಪು ನಡೆಯುತ್ತದೆ. ಅವುಗಳಲ್ಲಿ ಕೆಲವಕ್ಕೆ ಪಂಪಿನ ನೀರನ್ನೇ ಸ್ವಲ್ಪ ತಿರುಗಿಸಿ ಇಂಜಿನ್ನಿನ ಮೂಲಕ ಹಾಯಿಸಿ ಹೊರಗೆ ಬಿಡುವ ಏರ್ಪಾಡಿರುತ್ತದೆ. ನಲ್ಲಿಯನ್ನು ಪೂರ್ತಿ ತೆರೆದಿಟ್ಟು, ಹೊರಬರುವ ನೀರು ಕೈಗೆ ತಣ್ಣಗೆ ಹತ್ತಿದರೆ ಸಮಾಧಾನಪಡುತ್ತೇವೆ. ಆ ತಂಪು ನಮ್ಮ ಡೀಸೆಲ್ ದುಡ್ಡು. ನಲ್ಲಿಯನ್ನು ತಿರುಗಿಸಿ, ಹೊರಬರುವ ನೀರಿನಲ್ಲಿ ಕೈ ಇಟ್ಟುಕೊಂಡಿರಲಾಗದಷ್ಟು ಬಿಸಿ ಇರುವಂತೆ ಹರಿವನ್ನು ಹೊಂದಿಸಿದರೆ ಅದೇ ಪಂಪು ಕಡಿಮೆ ಕುಡಿಯುತ್ತದೆ.

ಇನ್ನು ಥರ್ಮೋಸ್ಟಾಟಿನ ಕೆಲಸ ನೋಡೋಣ. ಅದರ ಹೊಟ್ಟೆಯಲ್ಲಿ ಮೇಣವಿರುತ್ತದೆ. ಗೊತ್ತಾದ ಶಾಖಕ್ಕೆ ಮೇಣ ಕರಗಿ ಹಿಗ್ಗಿ, ಸ್ಪ್ರಿಂಗನ್ನು ಒತ್ತಿ ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ತೆರೆಯಲು ತೊಡಗುವ ಉಷ್ಣಾಂಶವನ್ನು ಅದರ ಮೇಲೆಯೇ ಕೊರೆದಿರುತ್ತಾರೆ, ಸಾಮಾನ್ಯವಾಗಿ 82 ಅಥವಾ 88. ಬಾಗಿಲು ಮುಚ್ಚಿರುವಾಗ ನೀರು ಬೈಪಾಸ್ ಎಂಬ ಅಡ್ಡದಾರಿಯಲ್ಲಿ ಇಂಜಿನ್ನಿನೊಳಗೇ ಸುತ್ತುತ್ತದೆ. ಕೆಲವು ಇಂಜಿನ್ನುಗಳಲ್ಲಿ ವಾಲ್ವ್ ಪೂರ್ತಿ ತೆರೆದಾಗ ಅದರ ಕೆಳಗಿನ ತಟ್ಟೆ ಈ ಅಡ್ಡದಾರಿಯನ್ನು ಮುಚ್ಚುತ್ತದೆ. ಅಂಥ ಇಂಜಿನ್ನಿನಲ್ಲಿ ವಾಲ್ವ್ ತೆಗೆದರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಹಿಂದಿರುಗುತ್ತದೆ. ಬಯಲಿನಲ್ಲಿ ತಣ್ಣಗೆ, ಘಾಟಿಯಲ್ಲಿ ಹೊರೆ ಬಿದ್ದಾಗ ಮತ್ತೂ ಬಿಸಿ. ಎರಡು ಕಡೆಯೂ ನಷ್ಟ. ವಾಲ್ವ್ ಇಲ್ಲದಿದ್ದರೆ ನೀರು ವೇಗವಾಗಿ ಹರಿದು ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗುವುದಿಲ್ಲ ಎಂದು ಕೆಲವರು ಕಾರಣ ಕೊಡುತ್ತಾರೆ. ಅದು ಸರಿಯಲ್ಲ. ಕಾರಣ ಈ ಅಡ್ಡದಾರಿಯೇ.

"ಅದೆಲ್ಲ ಹಿಮ ಬೀಳುವ ದೇಶಕ್ಕೆ ಸಾರ್, ನಮ್ಮ ಬಿಸಿಲು ನಾಡಿಗೆ ಬೇಡ" ಎನ್ನುವ ಮಾತು ಇನ್ನೊಂದು. ನಮ್ಮ ಬಿಸಿಲು ಎಷ್ಟು? ಕರಾವಳಿಯ ಏಪ್ರಿಲ್‌ನಲ್ಲಿ 35 ಡಿಗ್ರಿ ಎನ್ನಿ. ಇಂಜಿನ್ನಿಗೆ ಬೇಕಾದದ್ದು 85. ನಮ್ಮ ಉರಿಬಿಸಿಲೂ ಇಂಜಿನ್ನಿನ ಪಾಲಿಗೆ ತಂಗಾಳಿಯೇ. ಬಿಸಿಲು ನಾಡಿನವನಿಗೆ ಜ್ವರಮಾಪಕ ಬೇಡ ಎಂದ ಹಾಗಾಯಿತು ಈ ವಾದ.

ನಮ್ಮ ನಾಡಿಗೆ ವಿಶೇಷವಾದ ಒಂದು ಸಂಗತಿ ಬೇರೆಯೇ ಇದೆ, ಅದು ಎತ್ತರ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು ಪ್ರತಿ 300 ಮೀಟರ್ ಏರಿದಂತೆ ಒಂದು ಡಿಗ್ರಿ ಕಡಿಮೆಯಾಗುತ್ತದೆ. ಚಿಕ್ಕಮಗಳೂರು, ಮಡಿಕೇರಿಗಳು ಸಾವಿರ ಮೀಟರಿಗೂ ಮೇಲಿವೆ. ಅಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಹಾಗಿದ್ದರೆ 95 ಡಿಗ್ರಿಯಲ್ಲಿ ನಡೆಯುವ ಇಂಜಿನ್ ಕುದಿಯದೆ ಇರುವುದು ಹೇಗೆ? ರೇಡಿಯೇಟರ್ ಮುಚ್ಚಳದಿಂದ. ಅದು ಬರೀ ಮುಚ್ಚಳವಲ್ಲ, ಪ್ರೆಷರ್ ಕುಕ್ಕರಿನ ತೂಕವಿದ್ದ ಹಾಗೆ. ಸುಮಾರು 7 ಪೌಂಡು ಒತ್ತಡ ಹಿಡಿಯುವ ಹಳೆಯ ಮಾದರಿಯ ಮುಚ್ಚಳ ಕುದಿಯುವ ಬಿಂದುವನ್ನು 11 ಡಿಗ್ರಿಯಷ್ಟು ಮೇಲಕ್ಕೆತ್ತುತ್ತದೆ. 13 ಪೌಂಡಿನದು ಸುಮಾರು 20 ಡಿಗ್ರಿ ಎತ್ತುತ್ತದೆ. ಮುಚ್ಚಳದ ರಬ್ಬರು ಸೆಟೆದು ಒತ್ತಡ ಹಿಡಿಯದೆ ಹೋದರೆ ಆ ರಕ್ಷಣೆಯೆಲ್ಲ ಹೋಯಿತು. ಮಂಗಳೂರಿನಿಂದ ಹೊರೆ ತುಂಬಿ ಘಾಟಿ ಹತ್ತುವ ಜೀಪು, ಇಂಜಿನ್ ಅತ್ಯಂತ ಬಿಸಿಯಾಗಿರುವ ಹೊತ್ತಿಗೇ ನೀರು ಬೇಗ ಕುದಿಯುವ ಎತ್ತರವನ್ನೂ ತಲುಪುತ್ತದೆ. ಘಾಟಿಯ ನೆತ್ತಿಯಲ್ಲಿ ಬಾನೆಟ್ ಎತ್ತಿ ನಿಂತ ವಾಹನಗಳಲ್ಲಿ ಎಷ್ಟಕ್ಕೆ ಒಂದು ಮುಚ್ಚಳವೇ ಕಾರಣವಾಗಿದ್ದೀತು ಎಂದು ನಮಗೆ ಅನುಮಾನ. ಕೆಲವು ಕಡೆ ಮುಚ್ಚಳ ಕಳೆದುಹೋಗಿ ಬಟ್ಟೆ ಸುತ್ತಿ ತುರುಕಿದ್ದನ್ನೂ ಕಂಡಿದ್ದೇವೆ.

ಕುದಿಯುವ ವಾಹನದಲ್ಲಿ ತಪ್ಪು ಹುಡುಕುವಾಗ ಅಗ್ಗದಿಂದ ದುಬಾರಿಯ ಕಡೆಗೆ ಹೋಗಬೇಕು. ಮೊದಲು ಮುಚ್ಚಳ. ಆಮೇಲೆ ರೇಡಿಯೇಟರಿನ ಮುಖ, ಅಲ್ಲಿ ಕೆಸರು, ಹುಲ್ಲಿನ ಬೀಜ, ಸತ್ತ ಹುಳು ಕೂತಿದ್ದರೆ ಇಂಜಿನ್ನಿನ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಮಾತ್ರ ತಗ್ಗಬೇಕು. ಫ್ಯಾನಿನ ಸುತ್ತಲಿನ ತಗಡಿನ ಮರೆಯನ್ನು, ಅಂದರೆ ಶ್ರೌಡನ್ನು, "ಅಡ್ಡ ಬರುತ್ತೆ" ಎಂದು ಬಿಚ್ಚಿಟ್ಟಿದ್ದರೆ ಹುಡುಕಿ ಹಾಕಿಸಬೇಕು. ಅದಿಲ್ಲದಿದ್ದರೆ ಫ್ಯಾನು ತನ್ನೆದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ರೇಡಿಯೇಟರಿನ ಮೂಲೆಗಳು ದಂಡ. ಹೋಸುಗಳು ಹಿಸುಕಿದರೆ ಮೆತ್ತಗೆ ಹಣ್ಣಾಗಿವೆಯೆ ನೋಡಬೇಕು. ಕೆಳಗಿನ ಹೋಸು ಮೆತ್ತಗಾದರೆ ವೇಗದಲ್ಲಿ ಪಂಪಿನ ಸೆಳೆತಕ್ಕೆ ಅಪ್ಪಚ್ಚಿಯಾಗಿ ನೀರೇ ನಿಲ್ಲುತ್ತದೆ. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಪಂಪಿನ ಆಯುಸ್ಸು ಮುಗಿಯುತ್ತ ಬಂತೆಂದು ಅರ್ಥ. ಇಷ್ಟಾದ ಮೇಲೆ ಥರ್ಮೋಸ್ಟಾಟು, ಆಮೇಲೆ ರೇಡಿಯೇಟರ್ ಬಿಚ್ಚಿ ಕೊಳವೆ ಶುದ್ಧಿ, ಕೊನೆಯದು ಹೆಡ್ ಗ್ಯಾಸ್ಕೆಟ್. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳಬೇಡಿ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಥರ್ಮೋಸ್ಟಾಟನ್ನು ಪರೀಕ್ಷಿಸಲು ಯಾರ ಹಂಗೂ ಬೇಡ. ಹಳೆಯ ವಾಹನಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಮೇಲಿನ ಹೋಸಿನ ಬುಡದಲ್ಲಿರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಇಂಜಿನ್ ಹೊತ್ತಿಸಿ, ಫ್ಯಾನಿನಿಂದ ಕೈ ದೂರವಿಟ್ಟು, ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ವಾಲ್ವ್ ಸರಿಯಿದೆ. ಮೊದಲಿನಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ. ಮುಳ್ಳು ಏರುತ್ತಿದ್ದರೂ ಹೋಸು ತಣ್ಣಗೇ ಇದ್ದರೆ ಮುಚ್ಚಿ ಸಿಕ್ಕಿಕೊಂಡಿದೆ, ಇಂಜಿನ್ ನಿಲ್ಲಿಸಿ. ಬಿಚ್ಚಿ ತೆಗೆದದ್ದನ್ನು ನೋಡಬೇಕಿದ್ದರೆ ದಾರ ಕಟ್ಟಿ, ತಳ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ತಣ್ಣೀರಿನಲ್ಲಿ ಮುಚ್ಚಿದ್ದು, ಕುದಿಯುವ ಹೊತ್ತಿಗೆ ತೆರೆದುಕೊಳ್ಳಬೇಕು. ಆದರೆ 88ರ ವಾಲ್ವು ಪೂರ್ತಿ ತೆರೆಯುವ ಮೊದಲೇ ನಮ್ಮ ಎತ್ತರದಲ್ಲಿ ನೀರು ಕುದಿಯತೊಡಗುತ್ತದೆ ಎಂಬುದು ನೆನಪಿರಲಿ. ಅರ್ಧ ತೆರೆಯಿತೆಂದು ಒಳ್ಳೆಯದನ್ನು ಎಸೆಯಬೇಡಿ. ದಾರಿಯಲ್ಲಿ ಮುಚ್ಚಿ ಸಿಕ್ಕಿಕೊಂಡ ವಾಲ್ವನ್ನು ತೆಗೆದು ಮನೆ ಸೇರುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಅದು ಪ್ರಥಮ ಚಿಕಿತ್ಸೆ. ಪ್ರಥಮ ಚಿಕಿತ್ಸೆಯಲ್ಲೇ ಆರು ವರ್ಷ ಕಳೆಯುವುದಕ್ಕೆ ನಮ್ಮ ಆಕ್ಷೇಪ.

ನೀರಿನ ವಿಷಯಕ್ಕೆ ಬರೋಣ. "ಮೂವತ್ತು ವರ್ಷದಿಂದ ಹಳ್ಳದ ನೀರೇ ಹಾಕ್ತಿದ್ದೀವಿ, ಏನೂ ಆಗಿಲ್ಲ" ಎನ್ನುವವರಿದ್ದಾರೆ. ದಪ್ಪ ಎರಕದ ಕಬ್ಬಿಣದ ಹಳೆಯ ಇಂಜಿನ್ ತಾಳಿಕೊಂಡಿತು ಎನ್ನಬಹುದೇ ಹೊರತು ಏನೂ ಆಗಿಲ್ಲ ಎನ್ನಲಾಗದು. ರೇಡಿಯೇಟರ್ ನೀರು ಕೆಂಪಗಿದ್ದರೆ ಆ ಕೆಂಪು ನಿಮ್ಮ ಇಂಜಿನ್ನಿನ ಕಬ್ಬಿಣವೇ. ಬೋರಿನ ಗಡಸು ನೀರಾದರೆ ಸುಣ್ಣ ಕಟ್ಟುತ್ತದೆ. ಸುಣ್ಣದ ತೆಳು ಪದರ ಅದರ ಹತ್ತಾರು ಪಟ್ಟು ದಪ್ಪದ ಕಬ್ಬಿಣದಷ್ಟು ಶಾಖವನ್ನು ತಡೆಯುತ್ತದೆ. ಮಾರುತಿಯಂಥ ಅಲ್ಯೂಮಿನಿಯಂ ಹೆಡ್ಡಿನ ವಾಹನಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದೇ ಸಲ ಮಿತಿಮೀರಿ ಕುದಿದರೂ ಹೆಡ್ಡು ಬಾಗಿ ಗ್ಯಾಸ್ಕೆಟ್ ಹೋಗುವ ಸಂಭವವಿದೆ.

ಕೂಲೆಂಟ್ ಹಿಮ ತಡೆಯಲು ಮಾತ್ರ ಎಂಬ ತಿಳಿವಳಿಕೆಯೂ ತಪ್ಪು. ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕುನಿರೋಧಕ. ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಬಿಂದುವೂ ಆರೇಳು ಡಿಗ್ರಿ ಏರುತ್ತದೆ. ಡಿಸ್ಟಿಲ್ಡ್ ಸಿಗದಿದ್ದರೆ ಮೊದಲ ಮಳೆಗಳಲ್ಲಿ ಮಾಡು ತೊಳೆದುಹೋದ ಮೇಲೆ ಹಿಡಿದು ಸೋಸಿದ ಮಳೆನೀರು ಬೋರಿನ ನೀರಿಗಿಂತ ಎಷ್ಟೋ ಮೇಲು. ತಾಮ್ರ-ಹಿತ್ತಾಳೆಯ, ಬೆಸುಗೆ ಹಾಕಿದ ಹಳೆಯ ರೇಡಿಯೇಟರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸುವ ಹಳೆಯ ಮಾದರಿಯ ಕೂಲೆಂಟೇ ಹೊಂದುತ್ತದೆ. ಐದು ವರ್ಷ ಬಾಳುವ ಹೊಸ ಬಗೆಯದರೊಂದಿಗೆ ಅದನ್ನು ಬೆರೆಸಬಾರದು, ಗಸಿ ಕಟ್ಟುವುದುಂಟು. ಬಣ್ಣ ನೋಡಿ ನಿರ್ಧರಿಸಬೇಡಿ, ಬಣ್ಣಕ್ಕೆ ನಿಯಮವಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಬೇಕು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಅಂಗಳದಲ್ಲಿ ಬಸಿದಿಟ್ಟರೆ ನಾಯಿ ನೆಕ್ಕುತ್ತದೆ, ಕರು ಮೂತಿ ಇಡುತ್ತದೆ, ಮಕ್ಕಳ ಕೈಗೂ ಸಿಕ್ಕೀತು. ಮೂತ್ರಪಿಂಡ ಕೆಟ್ಟು ಪ್ರಾಣ ಹೋಗುತ್ತದೆ. ಹಳೆಯದನ್ನು ಹಳ್ಳಕ್ಕೋ ಬಾವಿಯ ಬಳಿಗೋ ಸುರಿಯದೆ, ಮುಚ್ಚಿದ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಿ.

ಈಗ ನಮ್ಮ ಮುಖ್ಯ ಮಾತು. ತೂಕದ ದಿನ ಅಂಗಳದಲ್ಲಿದ್ದ ಹಳೆಯ ವಾಹನಗಳ ಗೇಜನ್ನು ಕುತೂಹಲಕ್ಕೆ ನೋಡುತ್ತ ಹೋದೆವು. ಮುಳ್ಳು ಸತ್ತುಹೋದವು ಹಲವು. ಕೇಳಿದರೆ "ಅದು ಬಂದಾಗಿನಿಂದ ಹಾಗೇ" ಎಂಬ ಉತ್ತರ. ತೂಕದ ಮುಳ್ಳು ಒಂದು ಕೂದಲು ಆಚೀಚೆಯಾದರೆ ಗಲಾಟೆ ಮಾಡುವ ನಾವು, ಲಕ್ಷ ಬಾಳುವ ಇಂಜಿನ್ನಿನ ಮುಳ್ಳು ಸತ್ತರೂ ಸುಮ್ಮನಿದ್ದೇವೆ. ಗೇಜು, ಅದರ ಸೆನ್ಸರು, ವೈರು ಸರಿಪಡಿಸುವುದು ದೊಡ್ಡ ಖರ್ಚಲ್ಲ. ಇನ್ನೊಂದು ಮೋಸವನ್ನೂ ತಿಳಿದಿರಬೇಕು. ಹೋಸು ಒಡೆದು ನೀರೆಲ್ಲ ಸೋರಿಹೋದರೆ ಸೆನ್ಸರಿಗೆ ಬಿಸಿನೀರೇ ತಾಗುವುದಿಲ್ಲ. ಮೇಲಿದ್ದ ಮುಳ್ಳು ತಟ್ಟನೆ ಕೆಳಗಿಳಿಯಬಹುದು. ಘಾಟಿಯಲ್ಲಿ ಹಾಗಾದರೆ ತಣಿಯಿತೆಂದು ಸಂತೋಷಪಡಬೇಡಿ, ಆ ಕ್ಷಣವೇ ನಿಲ್ಲಿಸಿ.

ನಿಲ್ಲಿಸುವವನು ಯಾರು? ಡ್ರೈವರು. ಅವನು ಏಕೆ ನಿಲ್ಲಿಸುವುದಿಲ್ಲ? ನಿಲ್ಲಿಸಿದರೆ ನಾವು ಬೈಯುತ್ತೇವೆ. "ಪಲ್ಪರ್ ಹತ್ರ ಹಣ್ಣು ಕಾಯ್ತಾ ಇದೆ, ನೀನು ದಾರೀಲಿ ಬೀಡಿ ಸೇದ್ತಾ ಕೂತಿದ್ದೀಯಾ?" ಎಂದು ಒಮ್ಮೆ ಬೈಸಿಕೊಂಡವನು ಮುಂದಿನ ಸಲ ಮುಳ್ಳು ಕೆಂಪಿಗೆ ಹೋದರೂ ಓಡಿಸಿಕೊಂಡೇ ಬರುತ್ತಾನೆ. ಅರ್ಧ ಗಂಟೆ ಉಳಿಸಲು ಹೋಗಿ ಹೆಡ್ಡು ಕಳೆದುಕೊಂಡ ಮೇಲೆ "ಡ್ರೈವರ್ ಸರಿಯಿಲ್ಲ" ಎನ್ನುತ್ತೇವೆ. ಸಂಘದ ಜೀಪಿನ ಡ್ರೈವರು ಮೊದಲ ಸಲ ಘಾಟಿಯಲ್ಲಿ ನಿಲ್ಲಿಸಿ ಒಂದು ಗಂಟೆ ತಡವಾಗಿ ಬಂದಾಗ ನಾವೂ ಹೀಗೆಯೇ ಗದರಿದ್ದೆವು. ಅವರು ಅಂದು ಮಾಡಿದ್ದು ಸರಿ, ನಾವು ಆಡಿದ್ದು ತಪ್ಪು. ಮುಳ್ಳು ಮೇಲೇರಿತೆಂದು ನಿಲ್ಲಿಸಿದ ಡ್ರೈವರನಿಗೆ ಬೈಗುಳವಲ್ಲ, ಶಹಬ್ಬಾಸ್ ಸಿಗಬೇಕು. ನಮ್ಮ ತೋಟಗಳ ಹಳೆಯ ವಾಹನಗಳ ಆಯುಸ್ಸನ್ನು ಹೆಚ್ಚಿಸುವುದರಲ್ಲಿ ಈ ಒಂದು ಬದಲಾವಣೆಗೆ ಯಾವ ಬಿಡಿಭಾಗವೂ ಸಮವಲ್ಲ.

ನಿಲ್ಲಿಸಿದ ಮೇಲೆ ಏನು ಮಾಡಬೇಕೆಂಬುದನ್ನು ಪ್ರತಿಯೊಬ್ಬ ಡ್ರೈವರಿಗೂ, ಮನೆಯಲ್ಲಿ ವಾಹನ ಓಡಿಸುವ ಎಲ್ಲರಿಗೂ ಹೇಳಿಕೊಡಿ. ಮುಳ್ಳು ಏರುತ್ತಿದ್ದು ಆವಿ ಇನ್ನೂ ಬಂದಿಲ್ಲದಿದ್ದರೆ, ನೆರಳಿನಲ್ಲಿ ನಿಲ್ಲಿಸಿ ಒಂದೆರಡು ನಿಮಿಷ ಖಾಲಿ ಓಡಲು ಬಿಟ್ಟರೆ ಫ್ಯಾನು, ಪಂಪು ಸೇರಿ ಶಾಖವನ್ನು ಇಳಿಸುತ್ತವೆ. ಆವಿ ಎದ್ದರೆ, ನೀರು ಸೋರಿದರೆ ತಕ್ಷಣ ಇಂಜಿನ್ ಆರಿಸಿ. ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿನ ನೀರು 100 ಡಿಗ್ರಿಗೂ ಮೇಲಿದ್ದು ಒತ್ತಡದಿಂದ ಮಾತ್ರ ನೀರಾಗಿ ಉಳಿದಿರುತ್ತದೆ. ತೆರೆದ ಕ್ಷಣ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಣ್ಣು ಹೋದರೆ ಯಾವ ಗ್ಯಾರೇಜೂ ಹಾಕಿಕೊಡುವುದಿಲ್ಲ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಮೇಲಿನ ಹೋಸು ಕೈಗೆ ಹಿಡಿಯುವಂತಾದ ಮೇಲೆ ದಪ್ಪ ಬಟ್ಟೆ ಇಟ್ಟು ಮೆಲ್ಲಗೆ ತಿರುಗಿಸಿ. ಕಾದ ಖಾಲಿ ಇಂಜಿನ್ನಿಗೆ ಹಳ್ಳದ ತಣ್ಣೀರನ್ನು ಒಮ್ಮೆಲೇ ಸುರಿದರೆ ಹೆಡ್ಡು ಸೀಳುತ್ತದೆ. ಇಂಜಿನ್ ತಣಿದ ಮೇಲೆ ಹೊತ್ತಿಸಿಟ್ಟು ಸ್ವಲ್ಪಸ್ವಲ್ಪವಾಗಿ ಹಾಕಿ. ಐದು ಲೀಟರ್ ನೀರಿನ ಕ್ಯಾನು ವಾಹನದಲ್ಲಿ ಸದಾ ಇರಲಿ.

ಕೊನೆಯದಾಗಿ ಸಂಘದ ಕರ್ತವ್ಯ. ಥರ್ಮೋಸ್ಟಾಟ್ ತೆಗೆಯುವ ರೂಢಿ ಬೆಳೆದದ್ದಕ್ಕೆ ಮೆಕ್ಯಾನಿಕರ ಅಜ್ಞಾನವೊಂದೇ ಕಾರಣವಲ್ಲ. ಹಳೆಯ ಮಾದರಿಗೆ ಸರಿಯಾದ ವಾಲ್ವ್ ಬೇಕೆಂದರೆ ದೂರದ ಪಟ್ಟಣಕ್ಕೆ ಹೋಗಬೇಕು, ಅಲ್ಲಿಯೂ ಸಿಗುವ ಭರವಸೆಯಿಲ್ಲ. ನಾಳೆ ಬೆಳಿಗ್ಗೆ ಜೀಪು ಬೇಕೆನ್ನುವ ಗಿರಾಕಿ ಎದುರಿಗೆ ನಿಂತಿರುವಾಗ ಮೆಕ್ಯಾನಿಕ್ ಮಾಡುವುದಾದರೂ ಏನು? ಆದ್ದರಿಂದ ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಓಡುವ ನಾಲ್ಕೈದು ಮಾದರಿಗಳ ಥರ್ಮೋಸ್ಟಾಟು, ರೇಡಿಯೇಟರ್ ಮುಚ್ಚಳ, ಫ್ಯಾನ್ ಬೆಲ್ಟು, ಎರಡೂ ಹೋಸುಗಳು, ಕೂಲೆಂಟು ಇವಿಷ್ಟನ್ನು ಸಂಘದ ಅಂಗಡಿಯಲ್ಲಿ ಗೊಬ್ಬರ, ಮೈಲುತುತ್ತದ ಪಕ್ಕದಲ್ಲಿ ಇಡಬೇಕೆಂದು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಸೂಚನೆ ತರುತ್ತೇವೆ. ಕೊಯ್ಲಿಗೆ ಮುನ್ನ, ಅಕ್ಟೋಬರಿನಲ್ಲಿ ಒಂದು ಭಾನುವಾರ, ಸ್ಥಳೀಯ ಮೆಕ್ಯಾನಿಕರನ್ನೂ ಡ್ರೈವರುಗಳನ್ನೂ ಕರೆದು ಸದಸ್ಯರ ವಾಹನಗಳ ಮುಚ್ಚಳ, ವಾಲ್ವ್, ಬೆಲ್ಟು, ಗೇಜು ಪರೀಕ್ಷಿಸುವ ಏರ್ಪಾಡನ್ನೂ ಮಾಡಬಹುದು.

"ಸಂಘ ಇರುವುದು ಕಾಫಿ ಅಡಿಕೆಗೆ, ಆಟೊಮೊಬೈಲ್ ಅಂಗಡಿಗಲ್ಲ" ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ಸಂಘದ ದುಡ್ಡು ಮಾರಾಟವಾಗದ ಸರಕಿನಲ್ಲಿ ಸಿಕ್ಕಿಕೊಳ್ಳಬಾರದೆಂಬ ಕಾಳಜಿ ನ್ಯಾಯವಾದದ್ದೇ. ಅದಕ್ಕಾಗಿಯೇ ಮೊದಲು ಸದಸ್ಯರಿಂದ ವಾಹನದ ಮಾದರಿಗಳ ಪಟ್ಟಿ ತೆಗೆದುಕೊಂಡು, ಅಗತ್ಯವಿದ್ದಷ್ಟನ್ನೇ ತರಿಸೋಣ. ಆದರೆ ಹಣ್ಣು ಕೊಯ್ದ ದಿನವೇ ಪಲ್ಪರ್ ಸೇರದಿದ್ದರೆ ಕಾಫಿಯ ಗುಣ ಕೆಡುತ್ತದೆ. ಅದನ್ನು ಸೇರಿಸುವುದು ಈ ಹಳೆಯ ಜೀಪುಗಳೇ. ರಾತ್ರಿ ಹೊತ್ತು ಮನೆಯವರಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಒಯ್ಯುವುದೂ ಇವೇ. ಇವು ನಿಂತರೆ ಸಣ್ಣ ಬೆಳೆಗಾರನ ಕೈಕಾಲು ನಿಂತಂತೆ.

ಸಂಘದ ಜೀಪಿಗೆ ಹೊಸ ವಾಲ್ವ್ ಹಾಕಿ, ರೇಡಿಯೇಟರ್ ಶುದ್ಧಿ ಮಾಡಿಸಿ, ಮುಚ್ಚಳ ಬದಲಿಸಿದ್ದೇವೆ. ಮುಳ್ಳು ಈಗ ನಡುವಿನಲ್ಲಿ ನಿಲ್ಲುತ್ತದೆ, ಹೊರೆ ತುಂಬಿ ಘಾಟಿ ಹತ್ತಿದರೂ ಸ್ವಲ್ಪವೇ ಮೇಲೇರಿ ಮತ್ತೆ ಇಳಿಯುತ್ತದೆ. ಸದಸ್ಯ ಬಾಂಧವರು ಬಂದು ನೋಡಬಹುದು. ಆರು ವರ್ಷದಿಂದ ವಾಲ್ವ್ ಇಲ್ಲದೆ ಓಡಿಸುತ್ತಿರುವ ಸದಸ್ಯರಿಗೂ ನಮ್ಮ ವಿನಂತಿ ಇದೇ: ಒಮ್ಮೆ ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಮಜ್ಜಿಗೆ ಕಂಡರೆ ಅಕ್ಟೋಬರಿನವರೆಗೆ ಕಾಯಬೇಡಿ.

— ಕಾರ್ಯದರ್ಶಿ